21 ದಿನಕ್ಕೊಂದು ಪೆನಿಡ್ಯೂರ್: ಹೃದಯ ಕಚ್ಚುವ ಜ್ವರ ಇನ್ನೂ ಯಾಕೆ ಉಳಿದಿದೆ?

ಪೆನಿಡ್ಯೂರ್ ಇಂಜೆಕ್ಷನ್ ತಯಾರು ಮಾಡುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಪುಟ್ಟ ಗಾಜಿನ ಬಾಟಲಿಯಲ್ಲಿ ಬಿಳಿ ಪುಡಿ. ನರ್ಸ್ ಅದಕ್ಕೆ ನೀರು ಬಿಟ್ಟು ಅಲುಗಾಡಿಸುತ್ತಾರೆ. ಪುಡಿ ಪೂರ್ತಿ ಕರಗುವುದಿಲ್ಲ. ಸುಣ್ಣದ ನೀರಿನ ಹಾಗೆ ಬೆಳ್ಳಗೆ, ದಪ್ಪಗೆ ಆಗುತ್ತದೆ. ಸ್ವಲ್ಪ ತಡ ಮಾಡಿದರೆ ಪುಡಿ ತಳಕ್ಕಿಳಿದು ಸೂಜಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ದಪ್ಪ ಸೂಜಿ ಬೇಕು. ಸೊಂಟದ ಕೆಳಗಿನ ಮಾಂಸದ ಆಳಕ್ಕೆ, ಆತುರಪಡದೆ ಕೊಡಬೇಕು. ಹಾಕಿಸಿಕೊಂಡ ಮಗು ಮಾರನೆ ದಿನವೂ ಶಾಲೆಯ ಬೆಂಚಿನ ಮೇಲೆ ಒಂದು ಕಡೆ ವಾಲಿಕೊಂಡೇ ಕೂರುತ್ತದೆ.

ಮತ್ತೆ 21 ದಿನಕ್ಕೆ ಇನ್ನೊಂದು. ವರ್ಷಕ್ಕೆ 17 ಸಲ. ಹತ್ತು ವರ್ಷ ಹಾಕಿಸಿಕೊಳ್ಳಬೇಕಾದ ಮಗುವಿಗೆ 170ಕ್ಕೂ ಹೆಚ್ಚು ಇಂಜೆಕ್ಷನ್. ಲೆಕ್ಕ ಹಾಕಿದಾಗಲೇ ಮೈ ಜುಮ್ಮೆನ್ನುತ್ತದೆ, ಅಲ್ವಾ?

ಪೆನಿಡ್ಯೂರ್ ಅಂದರೆ ದೇಹದಲ್ಲಿ ನಿಧಾನವಾಗಿ ಬಿಡುಗಡೆಯಾಗುವ ಪೆನಿಸಿಲಿನ್, ರುಮ್ಯಾಟಿಕ್ ಹೃದಯ ಕಾಯಿಲೆಗೆ ಕೊಡುವ ಔಷಧಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ ಸುಮಾರು 5.5 ಕೋಟಿ ಜನರಿಗೆ ಈ ಕಾಯಿಲೆ ಇದೆ. ವರ್ಷಕ್ಕೆ ಸುಮಾರು 3.6 ಲಕ್ಷ ಜನ ಸಾಯುತ್ತಾರೆ. ಇದರಲ್ಲಿ ಭಾರತದ ಪಾಲು ದೊಡ್ಡದು. ಈಗೀಗ ಉರಿಯೂತದ ಬಗ್ಗೆ ಸಂಶೋಧನೆಗಳು ಒಂದರ ಹಿಂದೆ ಒಂದು ಬರುತ್ತಿವೆ. ಹೃದಯಾಘಾತಕ್ಕೆ ಉರಿಯೂತ, ಸಕ್ಕರೆ ಕಾಯಿಲೆಗೆ ಉರಿಯೂತ, ಮರೆವಿಗೂ ಉರಿಯೂತ. ಆದರೆ ಉರಿಯೂತವೇ ಹೃದಯವನ್ನು ಹಾಳು ಮಾಡುವ ಈ ಹಳೇ ಕಾಯಿಲೆಯ ಸುದ್ದಿ ಯಾರೂ ಎತ್ತುವುದಿಲ್ಲ. ಬಡವರ ಮಕ್ಕಳಿಗೆ ಬರುವ ಕಾಯಿಲೆ ಅಂತಲೋ ಏನೋ.

ಶುರುವಾಗುವುದು ಗಂಟಲು ನೋವಿನಿಂದ. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಜಾಸ್ತಿ. ಗಂಟಲು ನೋವು ಅಂದರೆ ಹೆಚ್ಚಿನ ಸಲ ವೈರಸ್, ಉಪ್ಪು ಹಾಕಿದ ಬಿಸಿನೀರಿನಲ್ಲಿ ಮುಕ್ಕಳಿಸಿದರೆ ಸಾಕು. ಕೆಲವು ಸಲ ಮಾತ್ರ ಅದು ಗುಂಪು ಎ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ. ಅದರ ಮೈಮೇಲಿನ ಕೆಲವು ಪ್ರೋಟೀನುಗಳು ನಮ್ಮ ಹೃದಯದ, ಕೀಲುಗಳ, ಮೆದುಳಿನ ಅಂಗಾಂಶಗಳನ್ನು ಹೋಲುತ್ತವೆ. ಬ್ಯಾಕ್ಟೀರಿಯಾವನ್ನು ಹೊಡೆಯಲು ಹೊರಟ ದೇಹದ ಸೈನ್ಯ ಗುರುತು ತಪ್ಪಿ ಸ್ವಂತ ಮನೆಗೇ ನುಗ್ಗುತ್ತದೆ. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ಸ್ಟ್ರೆಪ್ ಗಂಟಲಿಗೆ ಔಷಧಿ ಸಿಗದ ನೂರು ಮಕ್ಕಳಲ್ಲಿ ಹೆಚ್ಚೆಂದರೆ ಮೂವರಿಗೆ.

ಗಂಟಲು ವಾಸಿಯಾಗಿ ಎರಡು ಮೂರು ವಾರ ಕಳೆದಿರುತ್ತದೆ. ಮನೆಯವರು ಅದನ್ನು ಮರೆತೂ ಬಿಟ್ಟಿರುತ್ತಾರೆ. ಆಗ ಜ್ವರ ಬರುತ್ತದೆ. ಇದೇ ರುಮ್ಯಾಟಿಕ್ ಜ್ವರ. ಇವತ್ತು ಮಂಡಿ ಊದಿ ಕೆಂಪಾಗುತ್ತದೆ. ಎರಡು ದಿನ ಬಿಟ್ಟು ಮಂಡಿ ಸರಿ, ಹಿಮ್ಮಡಿಯ ಕೀಲು ಹಿಡಿದುಕೊಳ್ಳುತ್ತದೆ. ಆಮೇಲೆ ಮೊಣಕೈ. ಹೀಗೆ ನೋವು ಕೀಲಿನಿಂದ ಕೀಲಿಗೆ ಅಲೆದಾಡುವುದೇ ಈ ಜ್ವರದ ಗುರುತು. ಆಟ ಆಡುವಾಗ ಬಿದ್ದಿರಬೇಕು ಅಂತ ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಟ್ಟರೆ ಆ ಅಲೆದಾಟವೇ ನಿಂತು, ಗುರುತು ಸಿಗದೆ ಹೋಗಬಹುದು.

ಇನ್ನು ಕೆಲವು ಮಕ್ಕಳಲ್ಲಿ ಕೀಲು ನೋವೇ ಇರುವುದಿಲ್ಲ. ಕೈ ತಾನಾಗಿಯೇ ಎಗರುತ್ತದೆ. ಅಕ್ಷರ ಕೆಡುತ್ತದೆ. ಊಟದ ತಟ್ಟೆ, ನೀರಿನ ಲೋಟ ಕೈಜಾರುತ್ತವೆ. ಮುಖ ಸೊಟ್ಟ ಮಾಡುತ್ತಾರೆ. ಇದಕ್ಕೆ ಕೊರಿಯಾ ಅನ್ನುತ್ತಾರೆ. ಹುಡುಗಿಯರಲ್ಲಿ ಜಾಸ್ತಿ. ಶಾಲೆಯಲ್ಲಿ ಮೇಷ್ಟ್ರು ಗದರುತ್ತಾರೆ, ಮನೆಯಲ್ಲಿ ಅಜ್ಜಿ ದೃಷ್ಟಿ ತೆಗೆಯುತ್ತಾರೆ. ಇಬ್ಬರ ಮೇಲೂ ತಪ್ಪು ಹೊರಿಸಲಾಗದು. ಗಂಟಲು ಕೆಟ್ಟು ತಿಂಗಳುಗಟ್ಟಲೆ ಆದಮೇಲೆ ಬರುವ ಈ ಲಕ್ಷಣಕ್ಕೂ ಹೃದಯಕ್ಕೂ ಸಂಬಂಧ ಇದೆ ಅಂತ ಯಾರಿಗೆ ತಾನೇ ಹೊಳೆಯುತ್ತದೆ?

ಈ ಜ್ವರ ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಅಂತ ವೈದ್ಯರಲ್ಲಿ ಒಂದು ಹಳೇ ಮಾತಿದೆ. ಕೀಲು ಪೂರ್ತಿ ವಾಸಿಯಾಗುತ್ತದೆ. ಹೃದಯದೊಳಗಿನ ವಾಲ್ವ್, ಅಂದರೆ ರಕ್ತ ಸಾಗುವ ಬಾಗಿಲು, ಹಾಗೆ ವಾಸಿಯಾಗುವುದಿಲ್ಲ. ಪ್ರತಿ ಸಲ ಸ್ಟ್ರೆಪ್ ಗಂಟಲಿಗೆ ಬಂದಾಗಲೂ ಉರಿಯೂತ ಮತ್ತೆ ಕೆರಳಬಹುದು. ಹೃದಯದ ಎಡಭಾಗದ ಮೈಟ್ರಲ್ ವಾಲ್ವ್ ಗಾಯವಾಗಿ, ಮಾಗಿ, ಮತ್ತೆ ಗಾಯವಾಗಿ ದಪ್ಪಗಾಗುತ್ತದೆ. ಕೊನೆಗೆ ಸರಿಯಾಗಿ ತೆರೆಯುವುದೂ ಇಲ್ಲ, ಸರಿಯಾಗಿ ಮುಚ್ಚುವುದೂ ಇಲ್ಲ.

ಹಾಗಾದರೆ ಉರಿಯೂತವನ್ನೇ ಔಷಧಿಯಿಂದ ಆರಿಸಿಬಿಡಬಹುದಲ್ಲ? ಸಹಜವಾದ ಪ್ರಶ್ನೆ. ಎಷ್ಟೋ ದಶಕಗಳಿಂದ ಪ್ರಯತ್ನ ನಡೆದಿದೆ. ಆಸ್ಪಿರಿನ್ ಕೊಟ್ಟರೆ ಕೀಲು ನೋವು ಒಂದೆರಡು ದಿನದಲ್ಲೇ ಇಳಿಯುತ್ತದೆ. ಹೃದಯ ತೀರಾ ಸೋತಾಗ ಸ್ಟೀರಾಯ್ಡ್ ಕೊಡುತ್ತಾರೆ. ಆದರೆ ಇವು ಮುಂದೆ ವಾಲ್ವ್ ಕೆಡುವುದನ್ನು ತಡೆಯುತ್ತವೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇವತ್ತಿಗೂ ಸಿಕ್ಕಿಲ್ಲ. ಕೆಲಸ ಮಾಡುವುದು ಒಂದೇ ದಾರಿ: ಸ್ಟ್ರೆಪ್ ಮತ್ತೆ ಗಂಟಲಿಗೆ ಬರದ ಹಾಗೆ ನೋಡಿಕೊಳ್ಳುವುದು. ಆ ಬಿಳಿ ಪುಡಿ ಬೇಗ ಕರಗದಿರುವುದೇ ಅದರ ಗುಣ. ಮಾಂಸದೊಳಗೆ ಕೂತು ವಾರಗಟ್ಟಲೆ ಪೆನಿಸಿಲಿನ್ ಅನ್ನು ಚೂರು ಚೂರೇ ಬಿಡುತ್ತಿರುತ್ತದೆ. ಮೂರು ವಾರ ದಾಟಿದರೆ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಅದಕ್ಕೇ 21 ದಿನ.

ಇದರಲ್ಲಿ ಹೊಸದೇನೂ ಇಲ್ಲ. ಅಮೆರಿಕದ ವ್ಯೋಮಿಂಗ್ ರಾಜ್ಯದ ವಾರನ್ ವಾಯುನೆಲೆಯ ಸೈನಿಕರ ಮೇಲೆ ನಡೆದ ಪ್ರಯೋಗ, ಸ್ಟ್ರೆಪ್ ಗಂಟಲಿಗೆ ಪೆನಿಸಿಲಿನ್ ಕೊಟ್ಟರೆ ರುಮ್ಯಾಟಿಕ್ ಜ್ವರ ತಪ್ಪುತ್ತದೆ ಅಂತ 1950ರಲ್ಲೇ ತೋರಿಸಿತ್ತು. ಗಂಟಲು ಕೆಟ್ಟ ಒಂಬತ್ತು ದಿನದೊಳಗೆ ಶುರು ಮಾಡಿದರೂ ಸಾಕು. ತಿಂಗಳಿಗೊಮ್ಮೆ ಕೊಡುವ ದೀರ್ಘಕಾಲದ ಇಂಜೆಕ್ಷನ್ ಕೂಡ ಅದೇ ದಶಕದ ಆರಂಭದಲ್ಲಿ ಬಂತು. ಎಪ್ಪತ್ತು ವರ್ಷ ದಾಟಿದರೂ ಸ್ಟ್ರೆಪ್ಟೊಕಾಕಸ್ ಪೆನಿಸಿಲಿನ್ನಿಗೆ ಬಗ್ಗುತ್ತಲೇ ಇದೆ. ಇಂಥ ಅದೃಷ್ಟ ಬೇರೆ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ನಮಗೆ ಸಿಕ್ಕಿದ್ದು ಕಡಿಮೆ. ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತ್ಯ 1986ರಿಂದ ಹತ್ತು ವರ್ಷ ಪಟ್ಟು ಹಿಡಿದು ಈ ಕೆಲಸ ಮಾಡಿತು. ಅಲ್ಲಿನ ಮಕ್ಕಳು, ಯುವಕರಲ್ಲಿ ಹೊಸ ಜ್ವರದ ಪ್ರಮಾಣ ಲಕ್ಷಕ್ಕೆ 18.6ರಿಂದ 2.5ಕ್ಕೆ ಇಳಿಯಿತು. ಯಂತ್ರ ತಂತ್ರ ಏನಿಲ್ಲ. ರೋಗಿಗಳ ಪಟ್ಟಿ, ಇಂಜೆಕ್ಷನ್, ಜನರಿಗೆ ತಿಳಿವಳಿಕೆ, ಅಷ್ಟೇ.

ಹಾಗಾಗಿ ನನ್ನ ಲೆಕ್ಕದಲ್ಲಿ ಇಲ್ಲಿ ವಿಜ್ಞಾನ ಸೋತಿದ್ದು ಕಡಿಮೆ. ಸೋತಿರುವುದು ಬಸ್ಸು, ಸ್ಟಾಕು, ತಾರೀಕು. ಬೇಕಿದ್ದರೆ ಒಂದೊಂದಾಗಿ ನೋಡಿ.

ಮೊದಲು ಕಾಯಿಲೆ ಕಣ್ಣಿಗೆ ಬೀಳಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅವರು ನೋಡಬೇಕಾದ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದಯ ಕಾಯಿಲೆಯೂ ಇದೆ. ಕೈಯಲ್ಲಿರುವುದು ಸ್ಟೆತಸ್ಕೋಪ್. ಸುತ್ತ ಮಕ್ಕಳ ಗದ್ದಲ. ಆ ಗದ್ದಲದಲ್ಲಿ ವಾಲ್ವಿನ ಸಣ್ಣ ಸದ್ದು ಕೇಳಬೇಕು. ಹರಿಯಾಣದ ಬಲ್ಲಭಗಢದಲ್ಲಿ ದೆಹಲಿಯ ಏಮ್ಸ್ ವೈದ್ಯರು ಆರು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳನ್ನು ನೋಡಿದ್ದರು. ಸ್ಟೆತಸ್ಕೋಪಿನಲ್ಲಿ ಸಿಕ್ಕಿದ್ದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಎಕೋ, ಅಂದರೆ ಹೃದಯದ ಸ್ಕ್ಯಾನಿನಲ್ಲಿ ನೋಡಿದರೆ ಸಾವಿರಕ್ಕೆ 20. ಅದಕ್ಕೂ ಮೊದಲು 2007ರಲ್ಲಿ ಕಾಂಬೋಡಿಯಾ, ಮೊಜಾಂಬಿಕ್ ಮಕ್ಕಳ ಅಧ್ಯಯನವೂ ಇದನ್ನೇ ಹೇಳಿತ್ತು: ಎಕೋದಲ್ಲಿ ಹತ್ತು ಪಟ್ಟು ಜಾಸ್ತಿ.

ಎಕೋದಲ್ಲಿ ಕಂಡ ಸಣ್ಣ ಗುರುತಿಗೆಲ್ಲ ಚಿಕಿತ್ಸೆ ಬೇಕಾ ಅನ್ನುವುದು ತುಂಬಾ ದಿನ ಇತ್ಯರ್ಥವಾಗದ ಪ್ರಶ್ನೆಯಾಗಿತ್ತು. ಉತ್ತರ ಬಂದಿದ್ದು ಉಗಾಂಡಾದಿಂದ. ಉತ್ತರ ಉಗಾಂಡಾದ ಗುಲು ಸುತ್ತಮುತ್ತ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಎಕೋ ಮಾಡಿದರು. ಹೊರಗೆ ಏನೂ ಲಕ್ಷಣ ಇಲ್ಲದ, ಎಕೋದಲ್ಲಿ ಮಾತ್ರ ಕಾಯಿಲೆ ಕಂಡ 818 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್, ಇನ್ನೊಂದಕ್ಕೆ ಇಲ್ಲ. ಎರಡು ವರ್ಷ ಆದಮೇಲೆ ನೋಡಿದರೆ, ಇಂಜೆಕ್ಷನ್ ಹಾಕಿಸಿಕೊಂಡವರಲ್ಲಿ ಕಾಯಿಲೆ ಮುಂದುವರಿದಿದ್ದು 3 ಮಕ್ಕಳಲ್ಲಿ. ಇಲ್ಲದವರಲ್ಲಿ 33. ಇಷ್ಟು ದೊಡ್ಡ ವ್ಯತ್ಯಾಸ ವೈದ್ಯಕೀಯ ಪ್ರಯೋಗಗಳಲ್ಲಿ ಅಪರೂಪ.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇದೆ. ಎರಡೂ ಗುಂಪಿನಲ್ಲಿ ಹತ್ತಿರ ಹತ್ತಿರ ಅರ್ಧ ಮಕ್ಕಳ ಎಕೋ ತಾನಾಗಿಯೇ ಸುಧಾರಿಸಿತ್ತು. ಒಂದು ಮಗುವಿನಲ್ಲಿ ಕಾಯಿಲೆ ಮುಂದುವರಿಯುವುದನ್ನು ತಪ್ಪಿಸಲು ಸುಮಾರು 13 ಮಕ್ಕಳು ಎರಡು ವರ್ಷ ಈ ನೋವಿನ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು. ಲಾಭವೇ, ಅನುಮಾನ ಬೇಡ. ಆದರೂ ನಾಳೆಯೇ ಎಲ್ಲ ಶಾಲೆಗೂ ಎಕೋ ಮಷೀನು ಕಳಿಸಿ ಅನ್ನುವವರ ಜೊತೆ ನಾನಿಲ್ಲ. ಈಗಾಗಲೇ ಕಾಯಿಲೆ ಗೊತ್ತಾದ ಮಕ್ಕಳಿಗೇ 21 ದಿನಕ್ಕೊಮ್ಮೆ ಇಂಜೆಕ್ಷನ್ ಮುಟ್ಟಿಸಲು ಆಗದಿದ್ದಾಗ, ಹೊಸದಾಗಿ ಹತ್ತು ಪಟ್ಟು ಮಕ್ಕಳನ್ನು ಹುಡುಕಿ ಅವರ ಅಪ್ಪ ಅಮ್ಮನಿಗೆ ಸುಮ್ನೆ ಹೆದರಿಕೆ ಹುಟ್ಟಿಸಿ ಏನು ಪ್ರಯೋಜನ? ಭಾರತವೂ ಸೇರಿ ಹದಿನಾಲ್ಕು ಬಡ ಮತ್ತು ಬೆಳೆಯುತ್ತಿರುವ ದೇಶಗಳಲ್ಲಿ ಈ ಕಾಯಿಲೆಯ 3,343 ರೋಗಿಗಳ ದೊಡ್ಡ ಅಧ್ಯಯನವೊಂದು ನಡೆದಿತ್ತು. ಅವರ ನಡುವಯಸ್ಸು 28. ಮೂರರಲ್ಲಿ ಎರಡು ಪಾಲು ಹೆಂಗಸರು. ಪೆನಿಸಿಲಿನ್ ತೆಗೆದುಕೊಳ್ಳುತ್ತಿದ್ದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಎರಡು ವರ್ಷದಲ್ಲಿ ಆರರಲ್ಲಿ ಒಬ್ಬರು ತೀರಿಕೊಂಡಿದ್ದರು.

ಇದರ ಉಲ್ಟಾ ತಪ್ಪೂ ನಮ್ಮಲ್ಲಿ ನಡೆಯುತ್ತದೆ. ಮಗುವಿಗೆ ಕಾಲು ನೋವು ಅಂತ ಹೋದರೆ ಎಎಸ್‌ಒ ಅಂತ ರಕ್ತ ಪರೀಕ್ಷೆ ಬರೆಯುತ್ತಾರೆ. ರಿಪೋರ್ಟಿನಲ್ಲಿ ಜಾಸ್ತಿ ಬಂದರೆ ಪೆನಿಡ್ಯೂರ್ ಶುರು. ಆ ಪರೀಕ್ಷೆ ಹೇಳುವುದು ಈ ಮಗುವಿಗೆ ಇತ್ತೀಚೆಗೆ ಸ್ಟ್ರೆಪ್ ಸೋಂಕು ತಗುಲಿತ್ತು ಅಂತ ಮಾತ್ರ. ಶಾಲೆಗೆ ಹೋಗುವ ಎಷ್ಟೋ ಆರೋಗ್ಯವಂತ ಮಕ್ಕಳಲ್ಲೂ ಅದು ಜಾಸ್ತಿಯೇ ಇರುತ್ತದೆ. ಅದೊಂದನ್ನೇ ನೋಡಿ ವರ್ಷಗಟ್ಟಲೆ ಇಂಜೆಕ್ಷನ್ ಚುಚ್ಚಿಸುವುದು ಸರಿಯಲ್ಲ. ಬೇಕಾದವರಿಗೆ ಸಿಗುವುದಿಲ್ಲ, ಬೇಡದವರಿಗೆ ತಪ್ಪುವುದಿಲ್ಲ.

ಇನ್ನು ಸ್ಟಾಕಿನ ಕಥೆ. ಪೇಟೆಂಟ್ ಇಲ್ಲದ, ಲಾಭ ಇಲ್ಲದ ಹಳೇ ಔಷಧಿ ಇದು. ಇದರ ಮೂಲವಸ್ತು ತಯಾರಿಸುವ ಕಂಪನಿಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು, ಹೆಚ್ಚಿನವು ಚೀನಾದಲ್ಲಿ. ಒಂದು ಕಾರ್ಖಾನೆ ಕೆಮ್ಮಿದರೆ ಹತ್ತು ದೇಶಕ್ಕೆ ನೆಗಡಿ. 2023ರಲ್ಲಿ ಅಮೆರಿಕದಲ್ಲೇ ಈ ಇಂಜೆಕ್ಷನ್ನಿಗೆ ಬರ ಬಂತು. ಅಲ್ಲಿ ಸಿಫಿಲಿಸ್ ಹೆಚ್ಚಾಗಿತ್ತು, ಅದಕ್ಕೂ ಇದೇ ಮದ್ದು. ನಮ್ಮಲ್ಲಿ ಬೆಲೆಗೆ ಸರ್ಕಾರದ ಮಿತಿ ಇದೆ. ಆ ಬೆಲೆಗೆ ಗಿಟ್ಟುವುದಿಲ್ಲ ಅಂತ ತಯಾರಕರು ಹಿಂದೆ ಸರಿಯುವುದೂ ಇದೆ. 2024ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಎಂಟು ಹಳೇ ಔಷಧಿಗಳ ಬೆಲೆ ಮಿತಿಯನ್ನು ಶೇಕಡಾ 50ರಷ್ಟು ಏರಿಸಿತು. ಅದರಲ್ಲಿ ಇದೇ ಕುಟುಂಬದ ಬೆಂಜೈಲ್ ಪೆನಿಸಿಲಿನ್ ಕೂಡ ಇತ್ತು. ಬೆಲೆ ಏರಿಸಿದ್ದಕ್ಕೆ ಬೈದವರು ಬಹಳ. ನನಗೇನೋ ಅದು ಸರಿ ಅನ್ನಿಸಿತು. ಅಂಗಡಿಯಲ್ಲೇ ಇಲ್ಲದ ಅಗ್ಗದ ಔಷಧಿಗಿಂತ ಸ್ವಲ್ಪ ದುಬಾರಿಯಾದರೂ ಸಿಗುವ ಔಷಧಿ ವಾಸಿ.

ಸ್ಟಾಕ್ ಇದ್ದರೂ ಇಂಜೆಕ್ಷನ್ ಸಿಗದಿರಬಹುದು. ಇದಕ್ಕೆ ಕಾರಣ ಹೆದರಿಕೆ. ಪೆನಿಸಿಲಿನ್ ಅಂದರೆ ಅಲರ್ಜಿ, ಸೂಜಿ ತೆಗೆಯುವಷ್ಟರಲ್ಲಿ ಸತ್ತವರಿದ್ದಾರೆ ಅನ್ನುವ ಮಾತು ಎಲ್ಲ ಆಸ್ಪತ್ರೆಯಲ್ಲೂ ಓಡಾಡುತ್ತದೆ. ಸಣ್ಣ ಆಸ್ಪತ್ರೆಯ ವೈದ್ಯರ ಕಡೆಯಿಂದ ಯೋಚಿಸಿ. ಒಬ್ಬರೇ ಡಾಕ್ಟರು, ಒಬ್ಬರೇ ನರ್ಸು. ಏನಾದರೂ ಹೆಚ್ಚುಕಡಿಮೆ ಆದರೆ ಊರವರು ಬಾಗಿಲಲ್ಲಿ ಗುಂಪು ಸೇರುತ್ತಾರೆ. ಹಾಗಾಗಿ ದೊಡ್ಡಾಸ್ಪತ್ರೆಗೆ ಹೋಗಿ ಅಂತ ಕಳಿಸಿಬಿಡುವುದು ಸುಲಭ. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಆದರೆ ನಿಜವಾದ ಅಪಾಯ ಎಷ್ಟು? ಉಗಾಂಡಾದ ಪ್ರಯೋಗದಲ್ಲಿ ಕೊಟ್ಟ ಅಷ್ಟೂ ಡೋಸುಗಳಲ್ಲಿ ಅಲರ್ಜಿಯ ಆಘಾತ ಆಗಿದ್ದು ಒಂದೇ ಒಂದು ಸಲ, ಅದೂ ಸೌಮ್ಯ.

ಮತ್ತೆ ಆ ಸಾವುಗಳು ಸುಳ್ಳಾ? ಸುಳ್ಳಲ್ಲ. 2022ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಈ ಬಗ್ಗೆ ಒಂದು ಸಲಹಾಪತ್ರ ಹೊರಡಿಸಿತು. ಇಂಜೆಕ್ಷನ್ ಆದ ಕೂಡಲೇ ತೀರಿಕೊಂಡವರಲ್ಲಿ ಬಹಳಷ್ಟು ಜನ ಅದಾಗಲೇ ವಾಲ್ವ್ ತೀರಾ ಕೆಟ್ಟು ಏದುಸಿರು ಬಿಡುತ್ತಿದ್ದವರು. ನೋವು, ಹೆದರಿಕೆಯಿಂದ ಬಿಪಿ, ನಾಡಿ ಒಮ್ಮೆಲೇ ಇಳಿದಾಗ ಸೋತ ಹೃದಯ ತಡೆದುಕೊಳ್ಳಲಿಲ್ಲ. ಅಲರ್ಜಿಗಿಂತ ಇದೇ ಕಾರಣ ಇರಬೇಕು ಅನ್ನುತ್ತದೆ ಆ ಸಲಹಾಪತ್ರ. ಹಾಗಾಗಿ ಕಾಯಿಲೆ ತೀವ್ರವಾಗಿರುವ ಅಂಥವರಿಗೆ ಮಾತ್ರೆ ರೂಪದ ಪೆನಿಸಿಲಿನ್ ಕೊಡಿ, ಉಳಿದವರಿಗೆ ಇಂಜೆಕ್ಷನ್ ಮುಂದುವರಿಸಿ. ಇಂಜೆಕ್ಷನ್ನಿಗೆ ಮೊದಲು ಚೆನ್ನಾಗಿ ನೀರು ಕುಡಿಸಿ, ಹೊಟ್ಟೆಗೆ ಏನಾದರೂ ಕೊಡಿ, ಮಲಗಿಸಿ ಹಾಕಿ. ಎಷ್ಟು ಸರಳ ನೋಡಿ. ಈ ಮಾಹಿತಿ ಪಿಎಚ್‌ಸಿಯ ನರ್ಸಿಗೆ ತಲುಪಿದರೆ ಹೊಸ ಔಷಧಿ ಕಂಡುಹಿಡಿದಷ್ಟೇ ಲಾಭ.

ಹತ್ತಿರದಲ್ಲಿ ಹಾಕದಿದ್ದರೆ ದೂರ ಹೋಗಬೇಕು. ಕರ್ನಾಟಕದಲ್ಲಿ 2023ರ ಜೂನಿನಿಂದ ಶಕ್ತಿ ಯೋಜನೆ ಇದೆ. ತಾಯಿ ಮಗಳು ಇಬ್ಬರಿಗೂ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ನಿಜವಾಗಿಯೂ ಉಪಕಾರವೇ. ಆದರೆ ಅಮ್ಮನ ಅವತ್ತಿನ ಕೂಲಿ ಹೋಯಿತು, ಮಗಳ ಒಂದು ದಿನದ ಪಾಠ ಹೋಯಿತು. ವರ್ಷಕ್ಕೆ 17 ದಿನ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡು ಇದ್ದರೆ ವಾಲ್ವ್ ಬದಲಿಸುವ ಆಪರೇಷನ್ನಿಗೆ ದುಡ್ಡು ಸಿಗುತ್ತದೆ. ಆ ಆಪರೇಷನ್ನನ್ನೇ ತಪ್ಪಿಸಬಲ್ಲ ಇಂಜೆಕ್ಷನ್ನಿಗಾಗಿ ಅಲೆದ ದಿನಗಳಿಗೆ ಯಾವ ಪ್ಯಾಕೇಜೂ ಇಲ್ಲ. ವಿಮೆ ಅನ್ನುವುದರ ಸ್ವಭಾವವೇ ಹಾಗೆ. ಮನೆ ಸುಟ್ಟಮೇಲೆ ಕೊಡುತ್ತದೆ, ನೀರಿನ ಕೊಡಕ್ಕೆ ಕೊಡುವುದಿಲ್ಲ.

ಆಪರೇಷನ್ ವಿಷಯದಲ್ಲಿ ನಾವು ಕಡಿಮೆಯವರಲ್ಲ. ಬೆಂಗಳೂರಿನ ಜಯದೇವ ಆಸ್ಪತ್ರೆ, ಕಟ್ಟಿಕೊಂಡ ಮೈಟ್ರಲ್ ವಾಲ್ವನ್ನು ಎದೆ ಸೀಳದೆ ಬಲೂನಿನಿಂದ ಬಿಡಿಸುವುದರಲ್ಲಿ ಹೆಸರು ಮಾಡಿದೆ. ಅದರ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಆ ವಿಧಾನದಲ್ಲಿ ತಮ್ಮದೇ ಸುಧಾರಣೆಯನ್ನೂ ತಂದವರು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಡಾ. ಎಂ.ಎಸ್. ವಲಿಯತ್ತಾನ್ ಅವರ ಕಾಲದಲ್ಲಿ ದೇಶದ್ದೇ ಆದ ಕಡಿಮೆ ಬೆಲೆಯ ವಾಲ್ವ್ ಮಾಡಿತು. ಅದನ್ನು ಮೊದಲು ರೋಗಿಗೆ ಹಾಕಿದ್ದು 1990ರಲ್ಲಿ. ಹೆಮ್ಮೆ ಪಡಬೇಕಾದ್ದೇ. ಜೊತೆಗೆ ಇನ್ನೊಂದು ಮಾತೂ ಹೇಳಬೇಕು. ಬಲೂನ್ ಟೇಬಲ್ಲಿನ ಮೇಲೆ ಮಲಗಿರುವ ಬಹುತೇಕ ಪ್ರತಿಯೊಬ್ಬರ ಹಿಂದೆಯೂ ಗುರುತು ಸಿಗದ ಒಂದು ಜ್ವರವೋ, ತಪ್ಪಿಹೋದ ಇಂಜೆಕ್ಷನ್ನುಗಳೋ ಇರುತ್ತವೆ.

ವಾಲ್ವ್ ಹಾಕಿಸಿಕೊಂಡರೂ ಆಸ್ಪತ್ರೆಯ ಋಣ ಮುಗಿಯುವುದಿಲ್ಲ. ಲೋಹದ ವಾಲ್ವ್ ಆದರೆ ರಕ್ತ ತೆಳು ಮಾಡುವ ಮಾತ್ರೆ ಜೀವನಪೂರ್ತಿ. ಜಾಸ್ತಿಯಾದರೆ ರಕ್ತಸ್ರಾವ, ಕಡಿಮೆಯಾದರೆ ಲಕ್ವ. ಪಿಟಿ ಐಎನ್‌ಆರ್ ಅನ್ನುವ ರಕ್ತ ಪರೀಕ್ಷೆಯನ್ನು ಆಗಾಗ ಮಾಡಿಸುತ್ತಲೇ ಇರಬೇಕು. ವಾಲ್ವ್ ಬದಲಿಸದಿದ್ದರೂ, ಈ ಕಾಯಿಲೆಯಿಂದ ಹೃದಯದ ತಾಳ ತಪ್ಪಿದವರಿಗೂ ಇದೇ ಮಾತ್ರೆ ಬೇಕು. ಅವರಿಗಾದರೂ ಪರೀಕ್ಷೆಯ ಗೊಡವೆ ಇಲ್ಲದ ಹೊಸ ಮಾತ್ರೆ ರಿವರೊಕ್ಸಬ್ಯಾನ್ ಕೊಡಬಹುದೇನೋ ಅಂತ ಆಸೆ ಇತ್ತು. 24 ದೇಶಗಳಲ್ಲಿ ನಾಲ್ಕೂವರೆ ಸಾವಿರ ರೋಗಿಗಳ ಮೇಲೆ ಪ್ರಯೋಗ ಆಯಿತು. 2022ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಹಳೇ ಮಾತ್ರೆ ತೆಗೆದುಕೊಂಡವರಲ್ಲೇ ಸಾವು ಕಡಿಮೆ. ಅಂದರೆ ಐಎನ್‌ಆರ್ ಪರೀಕ್ಷೆ ತಾಲೂಕಿಗೆ ಬರದೆ ಬೇರೆ ದಾರಿಯಿಲ್ಲ.

ಹುಡುಗಿಯರದ್ದು ಇನ್ನೊಂದು ಕಷ್ಟ. ಹೃದಯಕ್ಕೆ ಪೆಟ್ಟು ಬಿದ್ದ ಮಕ್ಕಳಿಗೆ ಇಂಜೆಕ್ಷನ್ ಸಾಮಾನ್ಯವಾಗಿ 25 ವರ್ಷದ ತನಕವಾದರೂ ಬೇಕು, ಪೆಟ್ಟು ಜೋರಾಗಿದ್ದರೆ 40ರ ತನಕ. ನಡುವೆ ಮದುವೆ ಬರುತ್ತದೆ. ಹಾರ್ಟ್ ಕಾಯಿಲೆ ಅಂತ ಗೊತ್ತಾದರೆ ಗಂಡಿನ ಕಡೆಯವರು ಏನಂತಾರೋ ಅನ್ನುವ ಅಂಜಿಕೆ. ಊರು ಬದಲಾಗುತ್ತದೆ, ಆಸ್ಪತ್ರೆ ಬದಲಾಗುತ್ತದೆ, ಚೀಟಿ ತವರಿನ ಟ್ರಂಕಿನಲ್ಲೇ ಉಳಿಯುತ್ತದೆ. ಬಸುರಿಯ ದೇಹದಲ್ಲಿ ರಕ್ತದ ಪ್ರಮಾಣ ಹತ್ತಿರ ಹತ್ತಿರ ಅರ್ಧದಷ್ಟು ಹೆಚ್ಚಾಗುತ್ತದೆ. ಕಿರಿದಾದ ವಾಲ್ವ್ ಅದನ್ನು ಸಾಗಿಸಲಾರದು. ಆರೇಳು ತಿಂಗಳಲ್ಲಿ ಮೆಟ್ಟಿಲು ಹತ್ತಲು ಆಗದೆ, ರಾತ್ರಿ ಮಲಗಲು ಆಗದೆ ಉಸಿರಿಗೆ ಒದ್ದಾಡುತ್ತಾರೆ. ಎಷ್ಟೋ ಹೆಂಗಸರಿಗೆ ತಮ್ಮ ಹೃದಯ ಕೆಟ್ಟಿದೆ ಅಂತ ಮೊದಲ ಸಲ ಗೊತ್ತಾಗುವುದೇ ಆಗ.

ಮುಂದೆ ಏನು? ನ್ಯೂಜಿಲೆಂಡಿನಲ್ಲಿ ಪೆನಿಸಿಲಿನ್ನಿನ ದೊಡ್ಡ ಪ್ರಮಾಣವನ್ನು ಹೊಟ್ಟೆಯ ಚರ್ಮದಡಿಗೆ ನಿಧಾನವಾಗಿ ಹರಿಸಿ ನೋಡುತ್ತಿದ್ದಾರೆ. ಸುಮಾರು ಹತ್ತು ವಾರಕ್ಕೊಮ್ಮೆ ಕೊಟ್ಟರೆ ಸಾಕಾಗಬಹುದು ಅನ್ನುವ ಸೂಚನೆ ಸಿಕ್ಕಿದೆ. ವರ್ಷಕ್ಕೆ 17ರ ಬದಲು ಐದು. ಅಷ್ಟು ಶ್ರೀಮಂತ ದೇಶಕ್ಕೆ ಈ ಸಂಶೋಧನೆ ಯಾಕೆ ಬೇಕಾಯಿತು ಅಂದರೆ, ಅಲ್ಲಿನ ಮಾವೊರಿ ಮತ್ತು ಪೆಸಿಫಿಕ್ ದ್ವೀಪಗಳ ಮಕ್ಕಳಲ್ಲಿ ಈ ಜ್ವರ ಇನ್ನೂ ಇದೆ. ಇಕ್ಕಟ್ಟಾದ ಮನೆ, ಒಂದೇ ಕೋಣೆಯಲ್ಲಿ ನಾಲ್ಕಾರು ಜನ ಮಲಗುವುದು, ಇಷ್ಟಿದ್ದರೆ ಸಾಕು ಸ್ಟ್ರೆಪ್ ಹರಡಲು. ಯುರೋಪಿನಲ್ಲಿ ಪೆನಿಸಿಲಿನ್ ಬರುವ ಮೊದಲೇ ಈ ಜ್ವರ ಇಳಿಯತೊಡಗಿದ್ದು ಮನೆಗಳು ಸುಧಾರಿಸಿದ್ದರಿಂದ. ಲಸಿಕೆಯ ಕೆಲಸವೂ ನಡೆದಿದೆ, ಸದ್ಯಕ್ಕೆ ಕೈಗೆ ಸಿಗುವಂತಿಲ್ಲ.

ಕಾಯಬೇಕಿಲ್ಲದ ಕೆಲಸ ಒಂದಿದೆ: ಪಟ್ಟಿ. ಕ್ಷಯದ ರೋಗಿಯ ಹೆಸರು ನಿಕ್ಷಯ್ ಪೋರ್ಟಲಿನಲ್ಲಿ ಇರುತ್ತದೆ. ಚಿಕಿತ್ಸೆ ಮುಗಿಯುವ ತನಕ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಬರುತ್ತದೆ. ಮಾತ್ರೆ ನಿಲ್ಲಿಸಿದರೆ ಕೇಳಿಕೊಂಡು ಬರುವವರಿದ್ದಾರೆ. ಬಸುರಿಗೆ ತಾಯಿ ಕಾರ್ಡ್ ಇದೆ, ಕೂಸಿಗೆ ಲಸಿಕೆಯ ತಾರೀಕು ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಇದೆ. ಪೆನಿಡ್ಯೂರ್ ಹಾಕಿಸಿಕೊಳ್ಳುವ ಹುಡುಗಿಯ ಹೆಸರು ಅಂಥ ಯಾವ ಪುಸ್ತಕದಲ್ಲೂ ಇಲ್ಲ. ಅವಳ ಮುಂದಿನ ತಾರೀಕು ಇರುವುದು ಆಸ್ಪತ್ರೆಯ ಚೀಟಿಯ ಹಿಂಭಾಗದಲ್ಲಿ, ಬಾಲ್‌ಪೆನ್ನಿನಲ್ಲಿ. ಬೇಸಿಗೆಯಲ್ಲಿ ಅಪ್ಪ ಅಮ್ಮ ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದರೆ ಆ ಚೀಟಿಯೂ ಅವರ ಜೊತೆ ಬರಬೇಕು. ಬಂದರೂ ಶೆಡ್ಡಿನ ಹತ್ತಿರದ ಆಸ್ಪತ್ರೆಯವರು ಕೇಳುವ ಮೊದಲ ಪ್ರಶ್ನೆ, ಇದನ್ನು ಯಾರು ಬರೆದುಕೊಟ್ಟಿದ್ದು ಅಂತ.